ಎಳೆಯಬೇಡಿ, ಒಂದು ಗೆರೆ ಹಾಕಿಕೊಡಿ

ನಾನು ಫಿಸಿಯೋಥೆರಪಿಸ್ಟ್. ಕುಮಟಾ, ಹೊನ್ನಾವರ ಕಡೆ ಮನೆಗಳಿಗೇ ಹೋಗಿ ಕೆಲಸ ಮಾಡುತ್ತೇನೆ. ಕರೆ ಬಂದರೆ ದೇವಿಮನೆ ಘಟ್ಟ ಹತ್ತಿ ಶಿರಸಿಗೂ ಹೋಗುವುದುಂಟು. ಈಚೆಗೆ ಪಾರ್ಕಿನ್ಸನ್ ಇರುವ ಹಿರಿಯರ ಜೊತೆಗಿನ ಕೆಲಸವೇ ಜಾಸ್ತಿ. ಮನೆಯವರು ಮೊದಲು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಕೈ ನಡುಗ್ತದೆ ಡಾಕ್ಟ್ರೇ, ಅದೊಂದು ನಿಲ್ಲಿಸಿಕೊಡಿ." ಕೈ ನಡುಗಿದರೂ ದಿನ ಹೇಗೋ ಸಾಗುತ್ತದೆ. ಕಾಲು ಏಳದಿದ್ದರೆ ಮನುಷ್ಯ ಮೂಲೆ ಹಿಡಿಯುತ್ತಾನೆ. ಹಾಗಾಗಿ ನಾನು ಮೊದಲು ನೋಡುವುದು ಕಾಲನ್ನು.

ಮಿದುಳಿನಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವುದರಿಂದ ಈ ಕಾಯಿಲೆ ಬರುತ್ತದೆ. ನಾವು ನಡೆಯುವಾಗ ಈಗ ಯಾವ ಕಾಲು ಎತ್ತಬೇಕು ಅಂತ ಯೋಚಿಸುತ್ತೇವಾ? ಅದು ತನ್ನಷ್ಟಕ್ಕೇ ಆಗುತ್ತದೆ. ಪಾರ್ಕಿನ್ಸನ್ ಇರುವವರಿಗೆ ಇದೇ ಕೈಕೊಡುವುದು. ಕಾಲಲ್ಲಿ ಬಲ ಇರುತ್ತದೆ, ನಡೆಯುವುದು ಮರೆತಿರುವುದಿಲ್ಲ, ಆದರೆ ಹೆಜ್ಜೆ ಶುರು ಮಾಡುವ ಸೂಚನೆ ಬರುವುದಿಲ್ಲ. ಸಪಾಟಾದ ಅಂಗಳದಲ್ಲಿ ತಡವರಿಸುವವರು ಮೆಟ್ಟಿಲನ್ನು ಸರಾಗವಾಗಿ ಹತ್ತಿಬಿಡುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. "ಬೇಕು ಅಂತಲೇ ಹೀಗೆ ಮಾಡ್ತಾರೆ" ಎಂದು ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಬೇಕು ಅಂತ ಮಾಡುವುದಲ್ಲ. ಮೆಟ್ಟಿಲು ಕಣ್ಣೆದುರಿಗಿದೆ, ಎಲ್ಲಿ ಕಾಲಿಡಬೇಕು ಎಂದು ಅದೇ ತೋರಿಸಿಕೊಡುತ್ತದೆ. ಒಳಗಿನಿಂದ ಬಾರದ ಸೂಚನೆಯನ್ನು ಹೊರಗಿನಿಂದ ಕೊಡುವುದೇ ನನ್ನ ಕೆಲಸದ ಮುಕ್ಕಾಲು ಪಾಲು.

ಹೊನ್ನಾವರದ ಕಡೆಯ ಒಬ್ಬ ನಿವೃತ್ತ ಮಾಸ್ತರರ ವಿಷಯ ಹೇಳುತ್ತೇನೆ. ಹಳೇ ಮನೆ, ಕೆಂಪು ಗಾರೆ ನೆಲ, ಜಗುಲಿಯಿಂದ ಒಳಗೆ ಹೋಗಲು ಇಕ್ಕಟ್ಟಾದ ಬಾಗಿಲು, ಎತ್ತರದ ಹೊಸ್ತಿಲು. ಜಗುಲಿ ತನಕ ಚೆನ್ನಾಗಿ ಬರುತ್ತಿದ್ದರು. ಬಾಗಿಲ ಎದುರು ಬಂದ ಕೂಡಲೇ ಪಾದ ನೆಲಕ್ಕೆ ಅಂಟಿಬಿಡುತ್ತಿತ್ತು. ಹಿಮ್ಮಡಿ ಎದ್ದು ಮೊಣಕಾಲು ನಡುಗುತ್ತಿತ್ತು, ಹೆಜ್ಜೆ ಮಾತ್ರ ಏಳುತ್ತಿರಲಿಲ್ಲ. ಇಕ್ಕಟ್ಟಿನ ಜಾಗ, ತಿರುವು, ಗಡಿಬಿಡಿ, ಈ ಮೂರು ಕಡೆ ಕಾಲು ಹೀಗೆ ಹಿಡಿದುಕೊಳ್ಳುವುದು ತೀರಾ ಸಾಮಾನ್ಯ. ಮಗ "ಬನ್ನಿ ಅಪ್ಪಯ್ಯ" ಎಂದು ಎರಡೂ ಕೈ ಹಿಡಿದು ಎಳೆಯುತ್ತಿದ್ದ. ಪ್ರೀತಿಯಿಂದಲೇ ಎಳೆಯುತ್ತಿದ್ದ, ಆದರೆ ಎಳೆದರೆ ಮೈ ಮುಂದೆ ಬರುತ್ತದೆ, ಪಾದ ಹಿಂದೆಯೇ ಉಳಿಯುತ್ತದೆ. ಬೀಳುವುದೇ ಹೀಗೆ.

ಎಳೆಯುವುದನ್ನು ಮೊದಲು ಬಿಡಿಸಿದೆ. ಕಾಲು ಹಿಡಿದುಕೊಂಡ ತಕ್ಷಣ ನಡೆಯುವ ಪ್ರಯತ್ನವನ್ನೇ ನಿಲ್ಲಿಸಬೇಕು. ನೆಟ್ಟಗೆ ನಿಂತು ಒಮ್ಮೆ ಉಸಿರು ಬಿಡಬೇಕು. ಮೈಭಾರವನ್ನು ಎಡಕ್ಕೆ, ಬಲಕ್ಕೆ ನಿಧಾನ ಹೊರಳಿಸಬೇಕು. ಆಮೇಲೆ ಹಗುರಾದ ಕಾಲನ್ನು ಎತ್ತಿ ಒಂದು ದೊಡ್ಡ ಹೆಜ್ಜೆ. ಜೊತೆಗೆ ಕರೆಂಟಿನ ಅಂಗಡಿಯಿಂದ ಹಳದಿ ಟೇಪು ತರಿಸಿ, ಬಾಗಿಲಿನ ಈಚೆ ಆಚೆ ನೆಲಕ್ಕೆ ಅಡ್ಡಪಟ್ಟಿ ಅಂಟಿಸಿದೆ. ಪಟ್ಟಿಯಿಂದ ಪಟ್ಟಿಗೆ ಸುಮಾರು ಒಂದೂವರೆ ಅಡಿ, ಎತ್ತರದವರಿಗೆ ಸ್ವಲ್ಪ ಜಾಸ್ತಿ. "ಬಾಗಿಲು ನೋಡಬೇಡಿ ಮಾಸ್ತರೇ, ಗೆರೆ ದಾಟಿ" ಎಂದೆ. ದಾಟಿದರು. ಅಂಗಳದಲ್ಲಿ ಟೇಪು ನಿಲ್ಲುವುದಿಲ್ಲ, ಅಲ್ಲಿ ಮನೆಯ ಅಮ್ಮನೇ ಶೇಡಿಯಲ್ಲಿ, ಅಂದರೆ ಬಿಳಿಮಣ್ಣಿನಲ್ಲಿ, ಗೆರೆ ಎಳೆದಿಟ್ಟರು.

ಮಾಸ್ತರರಿಗೆ ಯಕ್ಷಗಾನದ ಹುಚ್ಚು. ಹಾಗಾಗಿ ತಾಳ ಕಲಿಸುವ ಕಷ್ಟ ನನಗಿರಲಿಲ್ಲ. ತೊಡೆ ತಟ್ಟಿ ಏಕತಾಳ ಹಾಕುತ್ತಾ, ಪೆಟ್ಟಿಗೊಂದು ಹೆಜ್ಜೆ ಇಡಲು ಶುರು ಮಾಡಿದರು. ಯುದ್ಧದ ಪದ್ಯ ಬೇಡ ಅಂದೆ. ಪೆಟ್ಟು ಚುರುಕಾದರೆ ಹೆಜ್ಜೆ ಚಿಕ್ಕದಾಗುತ್ತದೆ, ಮೈ ಮುಂದಕ್ಕೆ ಓಡುತ್ತದೆ, ಆಮೇಲೆ ನಿಲ್ಲಿಸಲು ಆಗುವುದಿಲ್ಲ. ಭಜನೆ ಗೊತ್ತಿದ್ದವರಿಗೆ ಭಜನೆಯ ತಾಳ ಸಾಕು. ಏನೂ ಬೇಡ ಅನ್ನುವವರು ಒಂದು, ಎರಡು ಎಂದು ಎಣಿಸಿದರೂ ಆಗುತ್ತದೆ.

ಹೆಜ್ಜೆಯ ಅಳತೆಯ ಬಗ್ಗೆ ಒಂದು ವಿಷಯ. ಈ ಕಾಯಿಲೆಯಲ್ಲಿ ಹೆಜ್ಜೆ ಗೇಣಷ್ಟಾಗಿದ್ದರೂ ಅವರಿಗೆ ಅದು ಸರಿಯಾಗಿಯೇ ಇದೆ ಅನಿಸುತ್ತದೆ. ಎಷ್ಟು ಹೇಳಿದರೂ ನಂಬುವುದಿಲ್ಲ. ಕಾರವಾರದ ಒಬ್ಬ ಅಮ್ಮನನ್ನು ಅದಕ್ಕೇ ಬೆಳಿಗ್ಗೆ ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದೆ. ಅಲೆ ಹಿಂದೆ ಸರಿದ ಮೇಲೆ ಗಟ್ಟಿಯಾಗಿರುವ ಒದ್ದೆ ಮರಳಿನಲ್ಲಿ ನಡೆಸಿ, ನಿಲ್ಲಿಸಿ, ಬಂದ ದಾರಿ ತೋರಿಸಿದೆ. ಎಡಗಾಲಿನ ಗುರುತು ಗುಂಡಗೆ ಸ್ಪಷ್ಟ. ಬಲಗಾಲಿನದು ಮುಂಬದಿಯಲ್ಲಿ ಗೀರಿಕೊಂಡು ಬಂದಿತ್ತು, ಹಿಮ್ಮಡಿಯ ಅಚ್ಚೇ ಇರಲಿಲ್ಲ. ಅವರು ಬಗ್ಗಿ ನೋಡಿ, ಮಾತಾಡದೆ ಮತ್ತೆ ನಡೆದರು, ಈ ಸಲ ಹಿಮ್ಮಡಿ ಮೊದಲು ಊರಿ. ಅಂದಿನಿಂದ "ಬೇಗ ಬೇಗ ನಡೀರಿ" ಎಂದು ಹೇಳಬೇಡಿ ಅಂತ ಮಗಳಿಗೆ ತಾಕೀತು ಮಾಡಿದ್ದೇನೆ. ಹೇಳಬೇಕಾದದ್ದು "ದೊಡ್ಡ ಹೆಜ್ಜೆ" ಎಂದು ಮಾತ್ರ. ಒಣ ಮರಳು ಮಾತ್ರ ಬೇಡ, ಅಲ್ಲಿ ಕಾಲು ಹೂತುಹೋಗುತ್ತದೆ.

ತಿರುಗುವಾಗ ನಿಂತಲ್ಲೇ ತಿರುಗಬಾರದು. ತುಳಸಿಕಟ್ಟೆಯ ಸುತ್ತಲೇ ಅಭ್ಯಾಸ ಮಾಡಿಸುತ್ತೇನೆ, ದೊಡ್ಡ ಸುತ್ತು ತೆಗೆದುಕೊಂಡು. ನಡೆಯುವಾಗ ಮಾತು ಬೇಡ, ಕೈಯಲ್ಲಿ ಚಾ ಲೋಟವೂ ಬೇಡ. ಗಮನ ಇಟ್ಟು ನಡೆಯಬೇಕಾದವರಿಗೆ ಎರಡು ಕೆಲಸ ಒಟ್ಟಿಗೆ ಕಷ್ಟ. ನಮ್ಮ ಕಡೆಯ ಆರಾಮ ಖುರ್ಚಿಯಿಂದ ಏಳುವುದಂತೂ ದೊಡ್ಡ ಸಾಹಸ. ಕೈಯಿರುವ, ಗಟ್ಟಿಯಾದ ಎತ್ತರದ ಖುರ್ಚಿ ಕೊಡಿ. ಅಂಚಿಗೆ ಸರಿದು, ಪಾದ ಹಿಂದಕ್ಕೆ ಎಳೆದುಕೊಂಡು, ಮೂಗು ಪಾದದ ಬೆರಳಿನ ಮೇಲೆ ಬರುವಷ್ಟು ಬಾಗಿ ಏಳಬೇಕು. ಎದ್ದ ಕೂಡಲೇ ಬಿಪಿ ಇಳಿದು ತಲೆ ತಿರುಗುವವರಿದ್ದಾರೆ, ಅದಕ್ಕೇ ಮಂಚದಿಂದ ಇಳಿಯುವ ಮೊದಲು ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಬೇಕು.

ಇದೆಲ್ಲ ಮಾತ್ರೆಯ ಹೊತ್ತಿಗೆ ಹೊಂದಿಕೊಳ್ಳಬೇಕು. ಲೆವೊಡೋಪಾ, ಅಂದರೆ ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಔಷಧಿ, ಕೆಲಸ ಮಾಡುತ್ತಿರುವಾಗಲೇ ಸ್ನಾನ, ನಡಿಗೆ, ವ್ಯಾಯಾಮ. ಮೀನು, ಹಾಲು, ಬೇಳೆಯಲ್ಲಿರುವ ಪ್ರೋಟೀನು ಈ ಮಾತ್ರೆ ಮೈಗೆ ಸೇರುವುದಕ್ಕೆ ಅಡ್ಡ ಬರಬಹುದು. ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವುದು ಒಳ್ಳೆಯದು. ಹಾಗಂತ ಮೀನು, ಹಾಲನ್ನೇ ಬಿಡಿಸಬೇಡಿ, ಈ ಕಾಯಿಲೆಯಲ್ಲಿ ಮೊದಲೇ ಮೈ ಇಳಿಯುತ್ತದೆ. ನಸುಗುನ್ನಿ ಬೀಜದ ಪುಡಿ ಕೊಡಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಅದರಲ್ಲಿರುವುದೂ ಲೆವೊಡೋಪಾವೇ. ಮಾತ್ರೆಯ ಮೇಲೆ ಅದನ್ನೂ ಕೊಟ್ಟರೆ ಪ್ರಮಾಣ ಹೆಚ್ಚಾಗುತ್ತದೆ. ಮಣಿಪಾಲವೋ ಹುಬ್ಬಳ್ಳಿಯೋ, ಎಲ್ಲಿ ತೋರಿಸುತ್ತಿದ್ದೀರೋ ಆ ಡಾಕ್ಟರನ್ನು ಕೇಳದೆ ಪುಡಿ ಕೊಡುವುದೂ ಬೇಡ, ಮಾತ್ರೆ ನಿಲ್ಲಿಸುವುದೂ ಬೇಡ. ತಟಕ್ಕನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಮಳೆಗಾಲ ನಮ್ಮ ದೊಡ್ಡ ಶತ್ರು. ಚಿರೇಕಲ್ಲಿನ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ಹೊರಗೆ ಹೋಗುವುದು ನಿಲ್ಲುತ್ತದೆ, ಗಣೇಶ ಚೌತಿ ಹೊತ್ತಿಗೆ ಕಾಲು ಅರ್ಧ ಸೋತಿರುತ್ತದೆ. ಅದಕ್ಕೇ ಜೂನ್ ಬರುವ ಮೊದಲೇ ಜಗುಲಿಯಲ್ಲಿ ಪಟ್ಟಿ ಅಂಟಿಸಿ, ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ದಾರಿಗೆ ಅಡ್ಡ ಇರುವ ಕಾಲೊರೆಸು ಚಾಪೆ ತೆಗೆಸುತ್ತೇನೆ. ಕಾಯಿಲೆ ಮುಂದುವರಿದಂತೆ ಪಟ್ಟಿಗೂ ತಾಳಕ್ಕೂ ಕಾಲು ಓಗೊಡದ ದಿನ ಬರಬಹುದು. ಆಗ ಜೊತೆಗೆ ಒಬ್ಬರು ಬೇಕು. ಅವರು ಎದುರಿಗೆ ನಿಂತು ಕೈ ಹಿಡಿಯಬಾರದು. ಸೋತ ಕಾಲಿನ ಪಕ್ಕ, ಅರ್ಧ ಹೆಜ್ಜೆ ಹಿಂದೆ ನಿಂತು, ಕಾಯಿಲೆಯವರ ಸೊಂಟಕ್ಕೆ ಕಟ್ಟಿದ ಬೆಲ್ಟು ಹಿಡಿದು, ಅವರ ಹೆಜ್ಜೆಗೇ ತಮ್ಮ ಹೆಜ್ಜೆ ಹೊಂದಿಸಿ ನಡೆಯಬೇಕು.