ಥೈರಾಯ್ಡ್ ಕಡಿಮೆ ಇದ್ದವರಿಗೆ ಮೈಕೈ ನೋವು, ಸೆಳೆತ: ಏನು ನೋಡಬೇಕು, ಏನು ಮಾಡಬೇಕು

ಥೈರಾಯ್ಡ್ ಕಡಿಮೆ ಅಂತ ಗೊತ್ತಾದವರು ಡಾಕ್ಟರ ಹತ್ತಿರ ತೂಕ, ಸುಸ್ತು, ಕೂದಲು ಉದುರುವುದು ಎಲ್ಲ ಹೇಳುತ್ತಾರೆ. ತೊಡೆ ನೋವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ರೆಪ್ಪೆ ಪಟಪಟ ಅದುರುವುದು, ಇವನ್ನು ಮಾತ್ರ 'ವಯಸ್ಸಾಯ್ತು ಬಿಡಿ' ಅಂತ ನುಂಗಿಕೊಳ್ಳುತ್ತಾರೆ. ಹಾಗೆ ಬಿಡಬೇಡಿ. ಈ ಹಾರ್ಮೋನು ಕಡಿಮೆಯಾದರೆ ಸ್ನಾಯುಗಳ ಕೆಲಸವೇ ನಿಧಾನವಾಗುತ್ತದೆ. ಬಿಗಿಯಾದ ಸ್ನಾಯು ಸಡಿಲವಾಗುವುದಂತೂ ಇನ್ನೂ ನಿಧಾನ. ಡಾಕ್ಟರು ಹಿಮ್ಮಡಿಯ ಮೇಲ್ಭಾಗದಲ್ಲಿ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡುತ್ತಾರಲ್ಲ, ಥೈರಾಯ್ಡ್ ತೀರಾ ಕಡಿಮೆ ಇದ್ದವರ ಪಾದ ಟಕ್ಕಂತ ಅಲ್ಲಾಡಿದರೂ ಮೊದಲಿನ ಜಾಗಕ್ಕೆ ವಾಪಸ್ ಬರುವಾಗ ಮೆಲ್ಲಗೆ, ಮನಸ್ಸಿಲ್ಲದ ಮನಸ್ಸಿನಿಂದ ಬರುತ್ತದೆ.

ಮೊದಲು ನಿಮಗಿರುವುದು ಏನು ಅಂತ ಬೇರೆ ಬೇರೆ ಮಾಡಿ ನೋಡಿ. ನೋವು ಬೇರೆ, ಸೆಳೆತ ಬೇರೆ, ಶಕ್ತಿ ಇಲ್ಲದಿರುವುದು ಬೇರೆ, ಸುಮ್ನೆ ಅದುರುವುದು ಬೇರೆ. 'ಮೈಯೆಲ್ಲ ನೋವು ಡಾಕ್ಟ್ರೇ' ಅಂದರೆ ಪೇನ್ ಕಿಲ್ಲರ್ ಸಿಗುತ್ತದೆ, ಅಷ್ಟೇ. ನೆಲದ ಮೇಲೆ ಕೂತು ಕೈ ಊರದೆ ಏಳಲು ಆಗುತ್ತದಾ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದೇ ಹತ್ತಬೇಕಾ? ಜಡೆ ಹಾಕುವಾಗ, ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯುವಾಗ ತೋಳು ಸೋಲುತ್ತದಾ? ಥೈರಾಯ್ಡ್ ಕಡಿಮೆಯಾದಾಗ ಶಕ್ತಿ ಕುಂದುವುದು ಜಾಸ್ತಿ ತೊಡೆ ಮತ್ತು ಭುಜದ ಕಡೆ. ಇವುಗಳಲ್ಲಿ ಒಂದಾದರೂ ಹೌದು ಅಂತಾದರೆ ಅದನ್ನೇ ಡಾಕ್ಟರಿಗೆ ಹೇಳಿ, ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಸಿಪಿಕೆ ರಕ್ತಪರೀಕ್ಷೆ ಬೇಕಾ ಅಂತಲೂ ಕೇಳಿ. ಬೆಳಗಿನ ಜಾವ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವುದರಿಂದಲೂ ಇರಬಹುದು. ಥೈರಾಯ್ಡ್ ಇದ್ದವರಲ್ಲಿ ಇದೂ ಸಾಮಾನ್ಯ.

ಇನ್ನು ಅದುರುವುದು. ಎಡಗಣ್ಣೋ ಬಲಗಣ್ಣೋ ಅಂತ ಶಕುನ ನೋಡುವ ಮೊದಲು ಎಷ್ಟು ಕಾಫಿ ಕುಡಿದಿರಿ, ಎಷ್ಟು ನಿದ್ದೆ ಮಾಡಿದಿರಿ ನೋಡಿಕೊಳ್ಳಿ. ರೆಪ್ಪೆ ಅದುರುವುದಕ್ಕೆ ಹೆಚ್ಚಿನ ಸಲ ಅಷ್ಟೇ ಕಾರಣ. ಆದರೆ ಅದರ ಜೊತೆ ಕೈ ನಡುಕ, ಎದೆ ಡವಡವ, ಬೆವರು, ನಿದ್ದೆ ಬಾರದಿರುವುದು, ತೂಕ ಇಳಿಯುವುದು ಇದ್ದರೆ ಥೈರಾಯ್ಡ್ ಮಾತ್ರೆಯ ಡೋಸ್ ಜಾಸ್ತಿಯಾಗಿರಬಹುದು. 'ಥೈರಾಯ್ಡ್ ಕಡಿಮೆ ಇರೋದಕ್ಕೇ ಹೀಗಾಗ್ತಿದೆ' ಅಂತ ತಾವಾಗಿ 50 ಮೈಕ್ರೋಗ್ರಾಂ ಮಾತ್ರೆಯ ಜಾಗಕ್ಕೆ 75ರದ್ದು ನುಂಗುವವರಿದ್ದಾರೆ. ದಯವಿಟ್ಟು ಬೇಡ. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇದ್ದವರಲ್ಲಿ ಇದು ಅಪಾಯ.

ಈಗ ಮಾತ್ರೆ ತೆಗೆದುಕೊಳ್ಳುವ ರೀತಿ. ನನ್ನ ಪ್ರಕಾರ ಅರ್ಧ ತೊಂದರೆ ಇರುವುದು ಇಲ್ಲೇ. ಒಲೆ ಮೇಲೆ ಹಾಲು ಕಾಯುತ್ತಿರುತ್ತದೆ, ಡಿಕಾಕ್ಷನ್ ಇಳಿದಿರುತ್ತದೆ, ಮಾತ್ರೆ ಬಾಯಿಗೆ ಹಾಕಿ ಹತ್ತು ನಿಮಿಷ ಆಗುವುದರೊಳಗೆ ಕಾಫಿ ಲೋಟ ಕೈಯಲ್ಲಿ. ಕಾಫಿ ಈ ಮಾತ್ರೆ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ, ಹಾಲಿನ ಕ್ಯಾಲ್ಸಿಯಂ ಕೂಡ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ. ರಾಗಿ ಗಂಜಿಗೂ ಇದೇ ಮಾತು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಇರಲಿ. ಮೈಕೈ ನೋವಿಗೆ ಅಂತಲೇ ಕ್ಯಾಲ್ಸಿಯಂ ತಂದು ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನುಂಗಿದರೆ ನೋವು ಕಡಿಮೆಯಾಗುವುದು ಹೇಗೆ? ಬೆಳಿಗ್ಗೆ ಆಗುವುದೇ ಇಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು.

ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಒಂದು ದಿನ ಮರೆತರೆ ಗಾಬರಿ ಬೇಡ. ಹಾಗೆಯೇ ಡೋಸ್ ಬದಲಾದ ಮಾರನೇ ವಾರವೇ ಟಿಎಸ್ಎಚ್ (ಥೈರಾಯ್ಡ್ ಮಟ್ಟ ತಿಳಿಯುವ ರಕ್ತಪರೀಕ್ಷೆ) ಮಾಡಿಸುವುದೂ ದಂಡ, 6ರಿಂದ 8 ವಾರ ಬಿಟ್ಟು ಮಾಡಿಸಿ. ಕೂದಲಿಗೆ ಅಂತ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ, ಅದು ರಿಪೋರ್ಟನ್ನೇ ತಪ್ಪು ತೋರಿಸಬಹುದು. ರಿಪೋರ್ಟ್ ಸರಿಬಂದರೂ ನೋವು ಹೋಗಿಲ್ಲ ಅಂತ ಬೇಜಾರಾಗಬೇಡಿ, ಸ್ನಾಯುಗಳು ಚೇತರಿಸಿಕೊಳ್ಳುವುದಕ್ಕೆ ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ.

ಆಮೇಲೂ ಹೋಗದಿದ್ದರೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಬೇಡಿ. ವಿಟಮಿನ್ ಡಿ ಮತ್ತು ಬಿ12 ನೋಡಿಸಿ, ಸಸ್ಯಾಹಾರಿಗಳಂತೂ ಬಿ12 ಮರೆಯಬಾರದು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ, ಥೈರಾಯ್ಡ್ ಹತೋಟಿಯಲ್ಲಿ ಇಲ್ಲದವರಿಗೆ ಅದರಿಂದ ಸ್ನಾಯು ನೋವು ಬರುವ ಸಾಧ್ಯತೆ ಜಾಸ್ತಿ.

ರಾತ್ರಿ ಮೀನಖಂಡ ಹಿಡಿದಾಗ ಕಾಲು ನೀಡಿ, ಪಾದದ ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಕೈ ಎಟುಕದಿದ್ದರೆ ಎದ್ದು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಲ್ಲಿ. ಬಿಟ್ಟ ಮೇಲೆ ಬಿಸಿನೀರಿನ ಶಾಖ ಕೊಡಿ. ದಿನಾ ವಾಕಿಂಗ್ ಒಳ್ಳೆಯದು, ಆದರೆ ಡೋಸ್ ಇನ್ನೂ ಹೊಂದಿಕೊಂಡಿಲ್ಲದಾಗ ಜಿಮ್‌ಗೆ ಸೇರಿ ಒಮ್ಮೆಲೇ ಭಾರ ಎತ್ತುವುದು ಬೇಡ.

ಕೆಲವಕ್ಕೆ ಕಾಯಬಾರದು. ಥೈರಾಯ್ಡ್ ಆಪರೇಷನ್ ಆದವರಿಗೆ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕೈ ತಾನಾಗಿ ಮುರುಟಿಕೊಳ್ಳುವುದು ಆದರೆ ಕ್ಯಾಲ್ಸಿಯಂ ಇಳಿದಿರಬಹುದು. ತೀವ್ರ ನೋವಿನ ಜೊತೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಅದುರುವ ಜಾಗದ ಸ್ನಾಯು ಸೊರಗುತ್ತಾ ಶಕ್ತಿ ಕುಂದುತ್ತಿದ್ದರೆ ನರರೋಗ ತಜ್ಞರಿಗೆ ಬೇಗ ತೋರಿಸಿ.