ಮೊದಲ ಸಲ ಆಕ್ಟೋಪಸ್ ಮಾಡುವವರಿಗೆ

ನಾನು ಮೊದಲ ಸಲ ತಂದ ಆಕ್ಟೋಪಸ್ ಒಂದೂಕಾಲು ಕೆಜಿ ಇತ್ತು. ಸಿಂಕಿಗೆ ಹಾಕಿ ಹತ್ತು ನಿಮಿಷ ಸುಮ್ನೆ ನೋಡುತ್ತಾ ನಿಂತೆ. ಎಂಟು ಕಾಲಲ್ಲಿ ಯಾವುದನ್ನು ಹಿಡಿಯೋದು? ಮುಟ್ಟಿದರೆ ಪಾಚಿ ಕಟ್ಟಿದ ಕಲ್ಲಿನ ಹಾಗೆ ಜಾರುತ್ತದೆ. ಆದರೆ ಕೆಲಸ ಶುರುವಾದ ಮೇಲೆ ಗೊತ್ತಾಯಿತು, ಮೀನಿಗಿಂತ ಇದೇ ಸುಲಭ. ಹುರುಪೆ ಇಲ್ಲ, ಮುಳ್ಳಿಲ್ಲ.

ಮೊದಲು ಮೂಸಿ ನೋಡಿ. ಸಮುದ್ರದ ವಾಸನೆ ಇದ್ದರೆ ಸರಿ. ಮೂಗಿಗೆ ಹೊಡೆಯುವ ಅಮೋನಿಯಾದ ಘಾಟು ಬಂದರೆ ಬೇಯಿಸಬೇಡಿ.

ಈಗ ಲೋಳೆ ತೆಗೆಯಬೇಕು. ಒಂದು ಹಿಡಿ ಕಲ್ಲುಪ್ಪು ಹಾಕಿ, ಬಟ್ಟೆ ಒಗೆಯುವ ಹಾಗೆ ಚೆನ್ನಾಗಿ ಉಜ್ಜಿ. ಬೂದು ಬಣ್ಣದ ನೊರೆ ಬರುತ್ತದೆ. ಕಾಲಿನ ಅಡಿ ಸಾಲಾಗಿರುವ ಬಟ್ಟಲುಗಳಲ್ಲಿ ಮರಳು ಕೂತಿರುತ್ತದೆ. ಒಂದೊಂದನ್ನೂ ಬೆರಳಲ್ಲಿ ಒತ್ತಿ ತೊಳೆಯಿರಿ. ಬೇಜಾರಿನ ಕೆಲಸವೇ, ಆದರೆ ಇಲ್ಲಿ ಸೋಮಾರಿತನ ಮಾಡಿದರೆ ಊಟಕ್ಕೆ ಕೂತಾಗ ಹಲ್ಲಿಗೆ ಮರಳು ಸಿಗುತ್ತದೆ.

ಮೇಲಿರುವ ಚೀಲವನ್ನು ನಾವು ತಲೆ ಅನ್ನುತ್ತೇವೆ, ಅಲ್ವಾ? ನಿಜವಾಗಿ ಅದು ಹೊಟ್ಟೆ. ಮೂರು ಹೃದಯಗಳೂ ಅದರೊಳಗೇ ಇವೆ. ಕಾಲುಚೀಲ ತಿರುಗಿಸುವ ಹಾಗೆ ಅದನ್ನು ಒಳಗಿನಿಂದ ಹೊರಕ್ಕೆ ಮಗುಚಬೇಕು. ನಡುವೆ ಹಿಡಿದುಕೊಂಡಿರುವ ಪಟ್ಟಿಯನ್ನು ಕತ್ತರಿಸಿದರೆ ಸಲೀಸಾಗಿ ತಿರುಗುತ್ತದೆ. ಒಳಗಿರುವುದನ್ನೆಲ್ಲ ತೆಗೆದುಬಿಡಿ. ಮಸಿಯ ಸಣ್ಣ ಚೀಲವೂ ಅಲ್ಲೇ ಇರುತ್ತದೆ, ಜೋಪಾನ. ನಾನು ಅವಸರದಲ್ಲಿ ಎಳೆದು ಅದನ್ನು ಒಡೆದೆ. ಕೈ, ಮಣೆ, ಅಂಗಿಯ ತೋಳು ಎಲ್ಲಾ ಕಪ್ಪು. ಮಾಂಸಕ್ಕೇನೂ ಆಗಲಿಲ್ಲ, ತೊಳೆದರೆ ಹೋಯಿತು. ಅಂಗಿಯ ಕಲೆ ಮಾತ್ರ ಹಾಗೇ ಇದೆ.

ಕಣ್ಣಿರುವ ಭಾಗವನ್ನು ಮೇಲೂ ಕೆಳಗೂ ಕತ್ತರಿಸಿ ಎಸೆಯಿರಿ. ಕಾಲುಗಳನ್ನು ಮಗುಚಿ ಹಾಕಿದರೆ ಅವೆಲ್ಲ ಸೇರುವ ಕಡೆ ಬಾಯಿ ಕಾಣುತ್ತದೆ. ಹಿಂದಿನಿಂದ ಎರಡೂ ಹೆಬ್ಬೆರಳಿಂದ ಒತ್ತಿ. ಗಿಳಿಯ ಕೊಕ್ಕಿನಂಥದ್ದು ಟಕ್ಕಂತ ಹೊರಗೆ ಬರುತ್ತದೆ. ನನಗೆ ಇದೊಂದು ಕೆಲಸ ಅಂದರೆ ಖುಷಿ.

ಬೇಯಿಸುವುದರಲ್ಲಿ ನಾನು ಸೋತಿದ್ದೆ. ಇಪ್ಪತ್ತು ನಿಮಿಷ ಕುದಿಸಿ, ಸಾಕು ಅಂತ ತಟ್ಟೆಗೆ ಹಾಕಿದೆ. ಸೈಕಲ್ ಟ್ಯೂಬ್ ಅಗಿದ ಹಾಗಿತ್ತು. ಮಾರಿದವನನ್ನು ಮನಸ್ಸಲ್ಲೇ ಬೈದುಕೊಂಡೆ. ತಪ್ಪು ಅವನದಲ್ಲ. ಈ ಮಾಂಸದ ತುಂಬಾ ಕೊಲಾಜನ್, ಅಂದರೆ ಮಾಂಸವನ್ನು ಹಿಡಿದಿಡುವ ಗಟ್ಟಿ ನಾರಿನಂಥ ಪ್ರೋಟೀನ್. ಬಿಸಿ ತಾಗಿದ ಕೂಡಲೇ ಮಾಂಸ ಬಿಗಿಯಾಗುತ್ತದೆ. ಸಣ್ಣ ಉರಿಯಲ್ಲಿ ತುಂಬಾ ಹೊತ್ತು ಇಟ್ಟರೆ ಮಾತ್ರ ಆ ಕೊಲಾಜನ್ ಕರಗಿ ಜೆಲ್ಲಿಯಂಥ ಜೆಲಾಟಿನ್ ಆಗುತ್ತದೆ, ಮಾಂಸ ಮೆತ್ತಗಾಗುತ್ತದೆ. ನಾನು ಇಳಿಸಿದ್ದು ಸರಿಯಾಗಿ ನಡುದಾರಿಯಲ್ಲಿ.

ಈಗ ಹೀಗೆ ಮಾಡುತ್ತೇನೆ. ಸ್ವಚ್ಛ ಮಾಡಿದ್ದನ್ನು ಎರಡು ದಿನ ಫ್ರೀಜರಿನಲ್ಲಿಡುತ್ತೇನೆ. ಒಳಗಿನ ನೀರು ಮಂಜಾಗಿ ನಾರುಗಳನ್ನು ಸಡಿಲಿಸುತ್ತದೆ, ಮೆತ್ತಗಾಗಲಿ ಅಂತ ಬಡಿಯುವ ಕಷ್ಟ ಇಲ್ಲ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ ಕರಗಿಸುತ್ತೇನೆ. ಪಾತ್ರೆಯಲ್ಲಿ ಅದು ಮುಳುಗುವಷ್ಟೇ ನೀರು, ಅರ್ಧ ಈರುಳ್ಳಿ, ಒಂದೆರಡು ಪಲಾವ್ ಎಲೆ. ಉಪ್ಪು ಬೇಡವೇ ಬೇಡ. ಅದರ ಮೈಯಲ್ಲೇ ಬೇಕಾದಷ್ಟಿದೆ. ನೀರು ಕೊತಕೊತ ಕುದಿಯಬಾರದು, ಅಂಚಿನಲ್ಲಿ ಒಂದೊಂದೇ ಗುಳ್ಳೆ ಏಳುತ್ತಿದ್ದರೆ ಸಾಕು. ಒಂದು ಕೆಜಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಗಡಿಯಾರಕ್ಕಿಂತ ಚಾಕುವನ್ನು ನಂಬಿ. ಕಾಲಿನ ಬುಡ, ಅಂದರೆ ತೀರಾ ದಪ್ಪ ಇರುವ ಕಡೆ ಚುಚ್ಚಿ. ಬೆಂದ ಆಲೂಗಡ್ಡೆಗೆ ಇಳಿದ ಹಾಗೆ ಇಳಿಯಬೇಕು.

ಮುಚ್ಚಳ ತೆಗೆದಾಗ ಗಾಬರಿಯಾಗಬೇಡಿ. ಬಣ್ಣ ನೇರಳೆಗೆ ತಿರುಗಿರುತ್ತದೆ, ಗಾತ್ರ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಒಂದು ಕೆಜಿ ಇಬ್ಬರು ಮೂವರಿಗಷ್ಟೇ. ಅದೇ ನೀರಲ್ಲಿ ಉಗುರುಬೆಚ್ಚಗೆ ಆಗುವವರೆಗೆ ಬಿಡಿ. ಬಿಸಿಯಿದ್ದಾಗಲೇ ಎತ್ತಿದರೆ ಚರ್ಮ ಸುಲಿದು ಬರುತ್ತದೆ.

ಆಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಇದನ್ನು ಬಿಡಬೇಡಿ, ಒದ್ದೆ ಇದ್ದರೆ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಚೆನ್ನಾಗಿ ಕಾದ ಬಾಣಲೆಯಲ್ಲಿ ಎರಡೂ ಕಡೆ ಎರಡೆರಡು ನಿಮಿಷ ಹುರಿಯಿರಿ. ಬಟ್ಟಲುಗಳ ಅಂಚು ಗರಿಗರಿಯಾದಾಗ ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಖಾರದ ಪುಡಿ ಹಾಕಿ ಇಳಿಸಿ, ನಿಂಬೆಹಣ್ಣು ಹಿಂಡಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ರುಚಿ ನೋಡಿ, ಜಾಸ್ತಿ ಉಪ್ಪಿದ್ದರೆ ಸ್ವಲ್ಪ ನೀರು ಬೆರೆಸಿ, ಅದರಲ್ಲೇ ಅನ್ನಕ್ಕಿಡಿ.