ಟ್ರ್ಯಾಕ್ಷನ್ ಲೈಟ್: ಫ್ಯೂಸ್ ಸರಿಯಿದ್ದರೂ ತೊಂದರೆ ಫ್ಯೂಸ್ ಬಾಕ್ಸಿನಲ್ಲೇ ಇತ್ತು

ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಲೈಟ್ ಬಂದ ಕೂಡಲೇ ಎಲ್ಲರ ಕೈ ಚಕ್ರದ ವೇಗ ಅಳೆಯುವ ವೀಲ್ ಸ್ಪೀಡ್ ಸೆನ್ಸರ್ ಕಡೆಗೇ ಹೋಗುತ್ತದೆ. ಸಾಗರದ ನನ್ನ ಶೆಡ್ಡಿಗೆ ಬಂದ ಈ ಡೀಸೆಲ್ ಗಾಡಿಗೂ ಅದೇ ಆಗಿತ್ತು. ಬೇರೆ ಕಡೆ ಮುಂದಿನ ಎರಡೂ ಸೆನ್ಸರ್ ಬದಲಾಯಿಸಿದ್ದರು, ಹತ್ತಿರ ಹತ್ತಿರ ಐದು ಸಾವಿರ ಖರ್ಚು. ಲೈಟ್ ಆರಲಿಲ್ಲ. ಆಮೇಲೆ ಸ್ಕ್ಯಾನರ್‌ನಲ್ಲಿ ಪಂಪ್ ಮೋಟಾರ್ ಸರ್ಕ್ಯೂಟ್ ಅಂತ ಬಂತು, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಮಾಡ್ಯೂಲೇ (ಅದನ್ನು ನಡೆಸುವ ಪೆಟ್ಟಿಗೆ) ಹೋಗಿದೆ ಅಂದರಂತೆ. ನಲವತ್ತು ಸಾವಿರದ ಮೇಲೆ. ಓನರ್ ಗಾಡಿಯನ್ನೇ ಮಾರಲು ಹೊರಟಿದ್ದರು.

ನಾನು ಮೊದಲು ನೋಡಿದ್ದು ಲೈಟ್ ಯಾವಾಗ ಬರುತ್ತದೆ ಅಂತ. ಕೀ ಹಾಕಿದಾಗ ಹತ್ತಿ ಸರಿಯಾಗೇ ಆರುತ್ತಿತ್ತು. ಗಾಡಿ ಹೊರಟು ಇಪ್ಪತ್ತರ ಸ್ಪೀಡ್ ಮುಟ್ಟುವಾಗ ಮತ್ತೆ ಹತ್ತುತ್ತಿತ್ತು. ಅದೇ ಹೊತ್ತಿಗೆ ಮಾಡ್ಯೂಲ್ ಪಂಪನ್ನು ಒಂದು ಸಲ ತಿರುಗಿಸಿ ನೋಡಿಕೊಳ್ಳುತ್ತದೆ, ಆ ಗುರ್ ಸದ್ದು ನಿಮಗೂ ಗೊತ್ತಲ್ವಾ? ಅಂದರೆ ಕರೆಂಟ್ ಜೋರಾಗಿ ಎಳೆಯುವಾಗ ಮಾತ್ರ ತೊಂದರೆ.

ಪಂಪಿನ 40 ಆಂಪ್ ಫ್ಯೂಸ್ ತೆಗೆದೆ. ಮೀಟರ್ ಬೀಪ್ ಅಂತು. ಮಾಡ್ಯೂಲ್ ಸಾಕೆಟ್‌ನಲ್ಲೂ 12.5 ವೋಲ್ಟ್. "ಇನ್ನೇನ್ ನೋಡ್ತೀರಣ್ಣ, ಫ್ಯೂಸ್ ಸರಿ ಇದೆ, ಮಾಡ್ಯೂಲ್ ಹಾಕ್ಸಿ" ಅಂದರು ಪಕ್ಕದ ಗ್ಯಾರೇಜಿನವರು. ನಾನು ಒಪ್ಪಲಿಲ್ಲ. ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ ಹನ್ನೆರಡೇ ತೋರಿಸುತ್ತದೆ.

ಅದಕ್ಕೇ ಕರೆಂಟ್ ಜೋರಾಗಿ ಎಳೆಸಿ ನೋಡಲು ಹೆಡ್‌ಲೈಟಿನ ಹಳೆ ಎಚ್4 ಬಲ್ಬ್ ತಗೊಂಡು ಎರಡೂ ಫಿಲಮೆಂಟ್ ಸೇರಿಸಿದೆ, ಒಂಬತ್ತು ಆಂಪ್ ಆಸುಪಾಸು ಎಳೆಯುತ್ತದೆ. ಸಾಕೆಟ್ ಬಿಚ್ಚಿ ಪಂಪಿನ ಪ್ಲಸ್ ಮತ್ತು ಅರ್ತ್ ನಡುವೆ ಕೊಟ್ಟೆ. ಬಲ್ಬ್ ಮಂಕಾಗಿ ಹತ್ತಿತು. ವೋಲ್ಟ್ ಹತ್ತಕ್ಕೆ ಇಳಿದಿತ್ತು! ಬಲ್ಬ್ ಉರಿಯುತ್ತಿರುವಾಗಲೇ ಒಂದೊಂದು ಕಡೆ ಮೀಟರ್ ಇಟ್ಟು ನೋಡಿದೆ. ಅರ್ತ್ ಚೊಕ್ಕ. ಬ್ಯಾಟರಿಯಿಂದ ಫ್ಯೂಸ್ ತನಕ ಚೊಕ್ಕ. ಫ್ಯೂಸಿನ ಆಚೆ ಕಾಲಿನಿಂದ ಸಾಕೆಟ್ ಒಳಗೆ ಮಾತ್ರ ಎರಡು ವೋಲ್ಟಿಗೂ ಜಾಸ್ತಿ ಇಳಿಯುತ್ತಿತ್ತು.

ಮಧ್ಯದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಮೆಡಿಕಲ್‌ನಲ್ಲಿ ಸಿಗುವ ಹಣೆಗೆ ಹಿಡಿಯುವ ಥರ್ಮಾಮೀಟರ್ ಅಲ್ಲ, ವರ್ಕ್‌ಶಾಪಿನ ಇನ್‌ಫ್ರಾರೆಡ್ ಗನ್ ಫ್ಯೂಸ್ ಬಾಕ್ಸಿಗೆ ಹಿಡಿದೆ. ಬಲ್ಬ್ ಇಲ್ಲದೆ ಎಲ್ಲಾ ಫ್ಯೂಸೂ ಒಂದೇ ಬಿಸಿ, ಏನೂ ಗೊತ್ತಾಗಲಿಲ್ಲ. ಬಲ್ಬ್ ಅರ್ಧ ನಿಮಿಷ ಉರಿದ ಮೇಲೆ ಪಂಪಿನ ಫ್ಯೂಸ್ ಇರುವ ಮೂಲೆ ಬೇರೆ ಕಡೆಗಿಂತ ಇಪ್ಪತ್ತು ಡಿಗ್ರಿ ಮೇಲೆ ಹೋಗಿತ್ತು. ಮೀಟರ್ ಹಿಡಿಯಲು ಕೈ ಹೋಗದ ಬಾಕ್ಸ್‌ಗಳಿಗೆ ಇದು ತುಂಬಾ ಒಳ್ಳೆಯದು.

ಬ್ಯಾಟರಿಯ ಮೈನಸ್ ಬಿಚ್ಚಿ ಬಾಕ್ಸ್ ತಿರುಗಿಸಿದರೆ ಫ್ಯೂಸಿನ ಆ ಕಾಲು ಕೂರುವ ಟರ್ಮಿನಲ್ ಹಸಿರು ಕಿಲುಬು ಹಿಡಿದು ಅಗಲವಾಗಿತ್ತು. ಮುಚ್ಚಳದ ಒಂದು ಕ್ಲಿಪ್ ಮುರಿದಿತ್ತು, ನಮ್ಮ ಮಳೆಗಾಲಕ್ಕೆ ಅಷ್ಟು ಸಾಕು. ಕ್ಲೀನರ್ ಹೊಡೆದು ಬಿಟ್ಟರೆ ಕೆಲವೇ ದಿನ ನಿಲ್ಲುತ್ತದೆ, ಹಿಂದೆ ಬೇರೆ ಗಾಡಿಗಳಲ್ಲಿ ನೋಡಿದ್ದೇನೆ. ಗುಜರಿ ಬಾಕ್ಸಿನಿಂದ ಅದೇ ಅಳತೆಯ ಟರ್ಮಿನಲ್ ತೆಗೆದು, ವೈರ್ ಹೊಸದಾಗಿ ಕತ್ತರಿಸಿ ಕ್ರಿಂಪ್ ಮಾಡಿದೆ (ಒತ್ತಿ ಬಿಗಿಸಿದೆ). ಬೆಸುಗೆ ಹಾಕಲಿಲ್ಲ. ಬಿಸಿಗೆ ಅದು ಬಿಡುತ್ತದೆ. ಬಾಕ್ಸ್ ಒಡೆಯದೆ ಟರ್ಮಿನಲ್ ಲಾಕ್ ಬಿಡಿಸುವ ಉಪಾಯ ನನ್ನದೇ, ಅದನ್ನು ಇಲ್ಲಿ ಬರೆಯುವುದಿಲ್ಲ. 40ರ ಜಾಗಕ್ಕೆ 60ರ ಫ್ಯೂಸ್ ಮಾತ್ರ ಯಾರೂ ಹಾಕಬೇಡಿ, ಫ್ಯೂಸಿಗೆ ಮೊದಲು ವೈರ್ ಸುಡುತ್ತದೆ.

ಸಾಮಾನಿಗೆ ಮುನ್ನೂರು ಚಿಲ್ಲರೆ, ನನ್ನ ಕೂಲಿ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಿತು. ಬಲ್ಬ್ ಈಗ ಬೆಳ್ಳಗೆ ಉರಿಯಿತು. ಜೋಗದ ರಸ್ತೆಯಲ್ಲಿ ಓಡಿಸಿ, ಖಾಲಿ ಜಲ್ಲಿ ಜಾಗ ನೋಡಿ ಬ್ರೇಕ್ ಒತ್ತಿದೆ, ಎಬಿಎಸ್ ಚೆನ್ನಾಗಿ ಕೆಲಸ ಮಾಡಿತು. ಒಂದು ಮಳೆಗಾಲ ಪೂರ್ತಿ ಕಳೆದಿದೆ, ಲೈಟ್ ಬಂದಿಲ್ಲ. ಮೊನ್ನೆ ಪಕ್ಕದ ಗ್ಯಾರೇಜಿನವರೇ ಬಂದು ಆ ಬಲ್ಬ್ ಕೇಳಿಕೊಂಡು ಹೋದರು, ಅವರ ಹತ್ತಿರ ಒಂದು ಗಾಡಿಯ ರೇಡಿಯೇಟರ್ ಫ್ಯಾನ್ ನಿಧಾನ ತಿರುಗುತ್ತಿತ್ತಂತೆ.